ಗುಪ್ತಪದಕ್ಕೆ ಮಾತ್ರ ಬೀಗ ಸಾಲದು

ಜಾಲತಾಣವೊಂದಕ್ಕೆ ಗುಪ್ತಪದ ಕೊಟ್ಟು ಪ್ರವೇಶಿಸುತ್ತೀರಿ. ಮುಂದಿನ ಪುಟಗಳು ಅದನ್ನು ಮತ್ತೆ ಕೇಳುವುದಿಲ್ಲ, ಏಕೆ? ಸರ್ವರ್ ನಿಮ್ಮ ಬ್ರೌಸರಿಗೆ 'ಕುಕಿ' ಎಂಬ ಗುರುತಿನ ಚೀಟಿ ಕೊಟ್ಟಿರುತ್ತದೆ. ಬ್ರೌಸರ್ ಪ್ರತಿ ಕೋರಿಕೆಯೊಡನೆ ಅದನ್ನು ತೋರಿಸುತ್ತದೆ.

2010ರಲ್ಲಿ ಬಹಳಷ್ಟು ತಾಣಗಳು ಗುಪ್ತಪದವನ್ನು ಮಾತ್ರ ಗೂಢಲಿಪಿಯಲ್ಲಿ ಸಾಗಿಸುತ್ತಿದ್ದವು. ಚೀಟಿ ಬಯಲಲ್ಲೇ ಓಡಾಡುತ್ತಿತ್ತು. ರೇಡಿಯೊ ತರಂಗ ಎಲ್ಲ ದಿಕ್ಕಿಗೂ ಹರಡುತ್ತದಷ್ಟೆ. ಗುಪ್ತಪದವಿಲ್ಲದ ವೈ-ಫೈ ಇದ್ದಲ್ಲಿ ಪಕ್ಕದ ಮೇಜಿನ ಕಂಪ್ಯೂಟರೂ ಆ ಚೀಟಿಯನ್ನು ಹಿಡಿಯಬಹುದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಎರಿಕ್ ಬಟ್ಲರ್ 'ಫೈರ್‌ಶೀಪ್' ಎಂಬ ತಂತ್ರಾಂಶದಿಂದ ಇದನ್ನು ತೋರಿಸಿಕೊಟ್ಟರು. ಪರದೆಯಲ್ಲಿ ಮೂಡಿದ ಹೆಸರನ್ನು ಕ್ಲಿಕ್ಕಿಸಿದರೆ ಅವರ ಫೇಸ್‌ಬುಕ್ ಖಾತೆ ತೆರೆಯುತ್ತಿತ್ತು. ಗುಪ್ತಪದ ಬೇಕಿರಲಿಲ್ಲ!

ಆದ್ದರಿಂದ ಇಡೀ ತಾಣವನ್ನೇ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಬೇಕು. ಇದರಲ್ಲಿ ಬ್ರೌಸರ್ ಮತ್ತು ಸರ್ವರ್ ಮೊದಲು ಗುಪ್ತ ಕೀಲಿಯೊಂದನ್ನು ಒಪ್ಪಿಕೊಂಡು, ನಂತರದ ಸಂವಹನವನ್ನೆಲ್ಲ ಅದರಿಂದ ಮುಚ್ಚುತ್ತವೆ. ಅದೇ ತಾಣದ ಒಂದೇ ಒಂದು ಚಿತ್ರ ಹಳೆಯ ಎಚ್‌ಟಿಟಿಪಿಯಲ್ಲಿ ಉಳಿದರೂ ಅದರ ಕೋರಿಕೆಯೊಡನೆ ಚೀಟಿ ಬಯಲಾಗಬಹುದು. ಹಾಗಾಗದಂತೆ ಕುಕಿಗೆ 'ಸೆಕ್ಯೂರ್' ಎಂಬ ಗುರುತು ಹಚ್ಚಬೇಕು. ಆಗ ಬ್ರೌಸರ್ ಅದನ್ನು ಮುಚ್ಚಿದ ಹಾದಿಯಲ್ಲಿ ಮಾತ್ರ ಕಳಿಸುತ್ತದೆ. ಅನೇಕರು ಮರೆಯುವುದು ಇದನ್ನೇ. ಬೇಕಾದ ಪ್ರಮಾಣಪತ್ರವನ್ನು 'ಲೆಟ್ಸ್ ಎನ್‌ಕ್ರಿಪ್ಟ್' ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿದೆ. ಸಣ್ಣ ಶಾಲೆಯ ತಾಣಕ್ಕೂ ಅದರ ಖರ್ಚಿನ ನೆಪ ಉಳಿದಿಲ್ಲ.