ಮುತ್ಯಾನ ಕಂಪ್ಯೂಟರಿಗೆ ಕಾವಲುಗಾರ ಯಾರು?

ಮಸ್ಕಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಂಜೆ ಹೊತ್ತು. ಮುತ್ಯಾ ಕಂಪ್ಯೂಟರ್ ಮುಂದೆ ಕುಳಿತು ಭತ್ತದ ಧಾರಣೆ ನೋಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಪರದೆಯೆಲ್ಲ ಕೆಂಪಾಯಿತು. ಕೀಂಯ್ ಕೀಂಯ್ ಎಂದು ಶಬ್ದ ಬೇರೆ. 'ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ತಗುಲಿವೆ. ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂಬ ಬರಹ ಮಿನುಗತೊಡಗಿತು.

"ಏ ತಂಗಿ, ಬಾರವ್ವ ಇಲ್ಲಿ. ಕಂಪ್ಯೂಟರಿಗೆ ಏನೋ ಆಗೈತಿ. ಫೋನ್ ಕೊಡು, ಈ ನಂಬರಿಗೆ ಹಚ್ಚತೀನಿ."

ಏಳನೇ ತರಗತಿಯ ಮೊಮ್ಮಗಳು ಓಡಿ ಬಂದಳು. "ಬ್ಯಾಡ ಮುತ್ಯಾ, ಹಚ್ಚಬ್ಯಾಡ. ಇದು ನಮ್ಮ ಕಂಪ್ಯೂಟರ್ ಹೇಳೋ ಮಾತಲ್ಲ. ಯಾರೋ ಮಾಡಿಟ್ಟಿರೋ ಸುಳ್ಳು ಪುಟ."

ಅವಳು ಆ ಪುಟ ಮುಚ್ಚಲು ನೋಡಿದಳು, ಆಗಲಿಲ್ಲ. ಕಂಪ್ಯೂಟರನ್ನೇ ಆಫ್ ಮಾಡಿದಳು. ಮತ್ತೆ ಆನ್ ಮಾಡಿದಾಗ ಬ್ರೌಸರ್ 'ಹಳೆಯ ಪುಟಗಳನ್ನು ತೆರೆಯಲೇ?' ಎಂದು ಕೇಳಿತು. ಬೇಡ ಎಂದಳು. ಕೆಂಪು ಪರದೆ ಮಾಯ!

ಮುತ್ಯಾ ನಿಟ್ಟುಸಿರು ಬಿಟ್ಟರು. ಆದರೆ ಒಂದು ಪ್ರಶ್ನೆ ಕೇಳಿದರು. "ಹಂಗಾದ್ರ, ಖರೇನ ವೈರಸ್ ಬಂದ್ರ ನಮಗ ಹೇಳೋರು ಯಾರು?"

ಬಹಳ ಒಳ್ಳೆಯ ಪ್ರಶ್ನೆ. ಏಕೆಂದರೆ ಆ ಕಂಪ್ಯೂಟರಿನಲ್ಲಿ ಧಾರಣೆ ನೋಡುವುದಷ್ಟೇ ಅಲ್ಲ, ಬೆಲೆ ಕಟ್ಟಲಾಗದ ಒಂದು ವಸ್ತುವೂ ಇದೆ. ತೀರಿಹೋದ ಅಜ್ಜಿ ಹಾಡಿದ ಸೋಬಾನ ಪದಗಳು. ಮೊಬೈಲಿನಲ್ಲಿ ಹಿಡಿದಿದ್ದ ಆ ದನಿಯನ್ನು ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಮೊಬೈಲ್ ಕೆಟ್ಟಿತು. ಈಗ ಇರುವುದು ಅದೊಂದೇ ಪ್ರತಿ.

ವೈರಸ್ ಎಂದರೆ ಏನು?

ಮಕ್ಕಳೇ, ಕಂಪ್ಯೂಟರ್ ವೈರಸ್ ಎಂದರೆ ಕೆಮ್ಮು ನೆಗಡಿ ತರುವ ಜೀವಿ ಅಲ್ಲ. ಅದೂ ಒಂದು ಪ್ರೋಗ್ರಾಮ್, ಮನುಷ್ಯರೇ ಬರೆದದ್ದು. ನಮಗೆ ತಿಳಿಯದಂತೆ ಒಳಗೆ ಬಂದು, ತನ್ನದೇ ನಕಲು ಮಾಡಿಕೊಂಡು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡುತ್ತದೆ. ಅದಕ್ಕೇ ಆ ಹೆಸರು.

1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು 'ಬ್ರೇನ್' ಎಂಬ ವೈರಸ್ ಬರೆದರು. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಅದು ಹೆಸರಾಗಿದೆ. ತಮಾಷೆ ಏನೆಂದರೆ, ಅದರೊಳಗೆ ಅವರು ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು! ಇಂದಿನ ಕಳ್ಳರು ಅಷ್ಟು ಸಾಚಾ ಅಲ್ಲ. ಕೆಲವರು ಪಾಸ್‌ವರ್ಡ್ ಕದಿಯುತ್ತಾರೆ. ಕೆಲವರು ನಮ್ಮ ಫೋಟೊ, ಕಾಗದಪತ್ರಗಳಿಗೆಲ್ಲ ಬೀಗ ಜಡಿದು, ಬೀಗದಕೈಗೆ ಹಣ ಕೇಳುತ್ತಾರೆ.

ಬಂಡೆಯ ಮೇಲಿನ ಹೆಸರು

ಆಂಟಿವೈರಸ್ ಎಂಬುದು ಈ ಕಳ್ಳರನ್ನು ಗುರುತು ಹಿಡಿಯುವ ಕಾವಲುಗಾರ. ಗುರುತು ಹಿಡಿಯುವುದು ಹೇಗೆ? ಮಸ್ಕಿಯವರಿಗೆ ಇದನ್ನು ಹೇಳುವುದು ಸುಲಭ.

ದೇಶದ ಹಲವೆಡೆ ಬಂಡೆಗಳ ಮೇಲೆ ಒಬ್ಬ ರಾಜನ ಶಾಸನಗಳಿದ್ದವು. ಅವುಗಳಲ್ಲಿ ಇದ್ದದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಆತ ಅಶೋಕನೇ ಎಂದು ವಿದ್ವಾಂಸರು ಹೇಳುತ್ತಿದ್ದರೂ ಶಾಸನದಲ್ಲಿ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡರು. ಅದರಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಒಂದು ಹೆಸರು ಸಿಕ್ಕಿತು, ಗುರುತು ಖಚಿತವಾಯಿತು.

ಆಂಟಿವೈರಸ್ ಮಾಡುವುದೂ ಇದನ್ನೇ. ಪ್ರತಿ ವೈರಸ್ಸಿನೊಳಗೂ ಅದಕ್ಕೇ ವಿಶಿಷ್ಟವಾದ ಒಂದಷ್ಟು ಸಾಲು ಇರುತ್ತದೆ. ಅದನ್ನು ವೈರಸ್ಸಿನ 'ಸಹಿ' ಎನ್ನುತ್ತಾರೆ. ಆಂಟಿವೈರಸ್ ಬಳಿ ಇಂಥ ಸಹಿಗಳ ದೊಡ್ಡ ಪಟ್ಟಿ ಇರುತ್ತದೆ. ಹೊಸ ಫೈಲ್ ಬಂದಾಗ ಪಟ್ಟಿಗೆ ತಾಳೆ ಹಾಕಿ ನೋಡುತ್ತದೆ. ಹೊಂದಿದರೆ ಹಿಡಿದು ಕೂಡಿಹಾಕುತ್ತದೆ.

ಆದರೆ ಪಟ್ಟಿ ಹಳತಾದರೆ? ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4,50,000ಕ್ಕೂ ಹೆಚ್ಚು ಹೊಸ ಕೆಟ್ಟ ಮತ್ತು ಬೇಡದ ಪ್ರೋಗ್ರಾಮುಗಳನ್ನು ದಾಖಲಿಸುತ್ತದೆ. ಹೋದ ವರ್ಷದ ಪಟ್ಟಿ ಹಿಡಿದ ಕಾವಲುಗಾರ ಈ ವರ್ಷದ ಕಳ್ಳನಿಗೆ ನಮಸ್ಕಾರ ಮಾಡಿ ಒಳಗೆ ಬಿಡುತ್ತಾನೆ. ಅದಕ್ಕೇ ಅಪ್‌ಡೇಟ್ ಬೇಕು.

ಪಟ್ಟಿಯಲ್ಲಿ ಇಲ್ಲದ ಕಳ್ಳನನ್ನು ನಡತೆಯಿಂದ ಹಿಡಿಯಬೇಕು. ರಾತ್ರಿ ಹೊತ್ತು ಯಾರೋ ಓಣಿಯ ಎಲ್ಲ ಮನೆಗಳ ಬೀಗ ಎಳೆದು ನೋಡುತ್ತಿದ್ದರೆ, ಹೆಸರು ಗೊತ್ತಿಲ್ಲದಿದ್ದರೂ ನಾವು ತಡೆಯುತ್ತೇವಲ್ಲ? ಹಾಗೆಯೇ ಒಂದು ಪ್ರೋಗ್ರಾಮ್ ಸರಸರನೆ ನೂರಾರು ಫೋಟೊಗಳನ್ನು ಬದಲಿಸಲು ಹೊರಟರೆ ಇಂದಿನ ಆಂಟಿವೈರಸ್‌ಗಳು ಅನುಮಾನಪಡುತ್ತವೆ.

ಯಾವುದನ್ನು ಆರಿಸುವುದು?

ಮೊದಲು ಮನೆಯಲ್ಲಿ ಏನಿದೆ ನೋಡಿ. ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆಂಟಿವೈರಸ್ ಆಗಲೇ ಇರುತ್ತದೆ. ಹಣ ಕೊಡಬೇಕಿಲ್ಲ. 'ವಿಂಡೋಸ್ ಸೆಕ್ಯುರಿಟಿ' ಎಂದು ಹುಡುಕಿ ತೆರೆಯಿರಿ. ಹಸಿರು ಗುರುತು ಇದ್ದರೆ ಕಾವಲುಗಾರ ಎಚ್ಚರವಾಗಿದ್ದಾನೆ. ಧಾರಣೆ ನೋಡುವ, ಪಾಠ ಓದುವ, ಫೋಟೊ ಇಡುವ ಸಾಮಾನ್ಯ ಮನೆಗೆ ಅಷ್ಟು ಸಾಕು.

ಹಾಗಾದರೆ ದುಡ್ಡು ಕೊಡುವ ಆಂಟಿವೈರಸ್ ಯಾರಿಗೆ? ಮನೆಯಲ್ಲಿ ನಾಲ್ಕಾರು ಸಾಧನಗಳಿದ್ದು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬೇಕು ಎನ್ನುವವರಿಗೆ, ತೊಂದರೆಯಾದಾಗ ಫೋನಿನಲ್ಲಿ ಕೇಳಲು ಯಾರಾದರೂ ಬೇಕು ಎನ್ನುವವರಿಗೆ ಅದು ಉಪಯೋಗ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದ್ದೇ ಕಂಪನಿಗಳು. ಹೊರದೇಶದವೂ ಹಲವು ಇವೆ.

ಕೊಳ್ಳುವ ಮುನ್ನ ಅಂಗಡಿಯವರ ಮಾತಿನ ಜೊತೆಗೆ ಪರೀಕ್ಷೆಯ ಅಂಕವನ್ನೂ ನೋಡಿ. ಹೌದು ಮಕ್ಕಳೇ, ಆಂಟಿವೈರಸ್‌ಗೂ ಪರೀಕ್ಷೆ ಇದೆ! ಎವಿ-ಟೆಸ್ಟ್ ಸಂಸ್ಥೆ ಮೂರು ವಿಷಯಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ವೈರಸ್ ಹಿಡಿಯುವುದಕ್ಕೆ 6, ಕಂಪ್ಯೂಟರನ್ನು ನಿಧಾನ ಮಾಡದಿರುವುದಕ್ಕೆ 6, ಒಳ್ಳೆಯ ಫೈಲನ್ನು ಕಳ್ಳ ಎಂದು ಕೂಗದಿರುವುದಕ್ಕೆ 6. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಕೂಡ ಇಂಥ ಪರೀಕ್ಷೆ ನಡೆಸುತ್ತದೆ. ಎರಡರ ಫಲಿತಾಂಶವೂ ಅವುಗಳ ಜಾಲತಾಣದಲ್ಲಿ ಸಿಗುತ್ತದೆ.

ಇನ್ನು ಮೂರು ಎಚ್ಚರಿಕೆ ನೆನಪಿರಲಿ.

ಒಂದು: ಎರಡು ಆಂಟಿವೈರಸ್ ಒಟ್ಟಿಗೆ ಹಾಕಬೇಡಿ. ಒಂದೇ ಬಾಗಿಲಲ್ಲಿ ನಿಂತ ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ಅನುಮಾನಿಸಿ ಜಗಳಕ್ಕೆ ಬೀಳುತ್ತಾರೆ. ಕಂಪ್ಯೂಟರ್ ತೆವಳುತ್ತದೆ.

ಎರಡು: ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ. ಎರಡನೇ ವರ್ಷದ ಬೆಲೆ ಎಷ್ಟು, ಹಣ ತಾನಾಗಿಯೇ ಕಡಿತವಾಗುತ್ತದೆಯೇ ಎಂದು ಕೇಳಿ.

ಮೂರು: 'ಪುಕ್ಕಟೆ' ಎಂಬ ಮಾತಿನ ಹಿಂದೆ ಏನಿದೆ ನೋಡಿ. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅವಾಸ್ಟ್ ಕಂಪನಿಯು 1.65 ಕೋಟಿ ಡಾಲರ್ ಕಟ್ಟಬೇಕೆಂದು ಹೇಳಿತು. ಜನ ಯಾವ ಯಾವ ಪುಟ ನೋಡಿದರು ಎಂಬ ಮಾಹಿತಿಯನ್ನು ಬೇರೆಯವರಿಗೆ ಮಾರಿದ್ದರ ಮೇಲೆ ಬಂದ ಪ್ರಕರಣ ಅದು. 'ಕ್ರ್ಯಾಕ್' ಮಾಡಿದ ಕಳ್ಳ ಪ್ರತಿಯಂತೂ ಬೇಡವೇ ಬೇಡ. ಕಳ್ಳನನ್ನೇ ಕಾವಲಿಗೆ ಇಟ್ಟಂತೆ ಆದೀತು.

ಕಾವಲುಗಾರನನ್ನು ಪರೀಕ್ಷಿಸಿ

ಹಿರಿಯರ ಜೊತೆ ಕುಳಿತು ಒಂದು ಪ್ರಯೋಗ ಮಾಡಬಹುದು. ಯುರೋಪಿನ ಐಕಾರ್ ಸಂಸ್ಥೆ 68 ಅಕ್ಷರಗಳ ಒಂದು ಪರೀಕ್ಷಾ ಫೈಲ್ ಇಟ್ಟಿದೆ. ಅದು ವೈರಸ್ ಅಲ್ಲ, ಯಾವ ಹಾನಿಯೂ ಇಲ್ಲ. ಆದರೆ ಅದನ್ನು ಕಂಡರೆ ಕೂಗಬೇಕು ಎಂದು ಆಂಟಿವೈರಸ್‌ಗಳಿಗೆ ಕಲಿಸಲಾಗಿದೆ. ಐಕಾರ್ ಜಾಲತಾಣದಿಂದಲೇ ಅದನ್ನು ಇಳಿಸಿ ನೋಡಿ. ನಿಮ್ಮ ಕಾವಲುಗಾರ ಕೂಗಿದರೆ ಎಚ್ಚರವಾಗಿದ್ದಾನೆ. ಸುಮ್ಮನಿದ್ದರೆ ಮಲಗಿದ್ದಾನೆ!

ಕಾವಲುಗಾರನ ಕೈಗೆ ಮೀರಿದ್ದು

2017ರ ಮೇ 12ರಂದು 'ವಾನಾಕ್ರೈ' ಎಂಬ ವೈರಸ್ ಲೋಕವನ್ನೇ ಬೆಚ್ಚಿಬೀಳಿಸಿತು. ಸುಮಾರು 150 ದೇಶಗಳಲ್ಲಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ಬಿಡಿಸಲು 300 ಡಾಲರ್ ಕೇಳಿದರು. ಆದರೆ ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು! ಹಾಕಿಕೊಂಡಿದ್ದವರಲ್ಲಿ ಆ ಬಿರುಕಿನಿಂದ ಅದು ನುಗ್ಗಲಾಗಲಿಲ್ಲ. 'ನಾಳೆ ನೋಡೋಣ' ಎಂದವರು ಸಿಕ್ಕಿಬಿದ್ದರು. ವಿಂಡೋಸ್ 10 ಇರುವವರು ಇದನ್ನೂ ಗಮನಿಸಿ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಿದ್ದರೆ 11ಕ್ಕೆ ಬದಲಿಸಿಕೊಳ್ಳಿ.

ಪೆನ್‌ಡ್ರೈವ್ ಬಗ್ಗೆಯೂ ಜೋಪಾನ. ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಗೆಳೆಯರ ಮನೆ ಎಂದು ಹತ್ತು ಕಡೆ ತಿರುಗಿ ಬಂದದ್ದನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರುವ ಪದ್ಧತಿ ನಮ್ಮದಲ್ಲವೇ?

ಅಜ್ಜ-ಅಜ್ಜಿಯರೇ, ಇದೊಂದು ಮಾತು ನಿಮಗೆ. ಫೋನ್ ಮಾಡಿ ಒಟಿಪಿ ಕೇಳುವವರನ್ನು ಯಾವ ಆಂಟಿವೈರಸ್ಸೂ ತಡೆಯಲಾರದು. ಅಲ್ಲಿ ಕಾವಲುಗಾರರು ನೀವೇ. ಮೋಸ ಹೋದರೆ ನಾಚಿಕೆಪಟ್ಟು ಕೂರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಯುವ ದಾರಿ ಅಷ್ಟು ಹೆಚ್ಚು. ಕಂಪ್ಯೂಟರಿಗೆ ವೈರಸ್ ತಗುಲಿದೆ ಎನಿಸಿದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಶುಚಿಗೊಳಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಒಂದೇ ಬಂಡೆ ಸಾಲದು

ಇಷ್ಟೆಲ್ಲ ಮಾಡಿದರೂ ಒಂದು ದಿನ ಕಾವಲುಗಾರ ಸೋಲಬಹುದು. ಆಗ ಅಜ್ಜಿಯ ಹಾಡು?

ಮತ್ತೆ ಮಸ್ಕಿಯ ಗುಡ್ಡಕ್ಕೇ ಬನ್ನಿ. ಅಲ್ಲಿನ ಬಂಡೆಯ ಮೇಲೆ ಕೆಲವು ಅಕ್ಷರಗಳು ಸವೆದಿವೆ. ಆದರೂ ಅಲ್ಲಿ ಏನು ಬರೆದಿತ್ತು ಎಂದು ತಿಳಿಯಲು ದಾರಿ ಉಳಿದಿದೆ. ಏಕೆಂದರೆ ಅಶೋಕ ಅದೇ ಸಂದೇಶವನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಇನ್ನೂ ಹಲವು ಕಡೆ ಬರೆಸಿದ್ದ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಸಿಗುತ್ತದೆ.

ನಾವೂ ಹಾಗೆ ಮಾಡಬೇಕು. ಮುಖ್ಯವಾದುದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ ಮಾಡಿ, ಕೆಲಸ ಮುಗಿದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಬಿಚ್ಚಿ ಇಡಿ. ಚುಚ್ಚಿಯೇ ಬಿಟ್ಟರೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ಆ ಭಾನುವಾರ ಮೊಮ್ಮಗಳು ಸೋಬಾನ ಪದಗಳನ್ನು ಎರಡು ಕಡೆ ನಕಲು ಮಾಡಿದಳು. ಸರಿಯಾಗಿ ಬಂದಿದೆಯೇ ನೋಡಲು ಒಂದನ್ನು ಹಚ್ಚಿದಳು. ಅಜ್ಜಿಯ ದನಿ ಪಡಸಾಲೆಯಲ್ಲಿ ತುಂಬಿತು.

"ಇನ್ನೊಂದು ಹಚ್ಚವ್ವ," ಎಂದರು ಮುತ್ಯಾ. "ಅದೂ ಸರಿಯಾಗಿ ಬಂದೈತೋ ಇಲ್ಲೋ ನೋಡೂಣು."