ಓದುಗರಿಗೆ ಬಿಟ್ಟ ಜಾಗ

ಮಾರ್ಸಿ ಚಿಕ್ಕವಳಿದ್ದಾಗ ಜೇಗರ್ ಎಂಬಾತ ಅವಳಿಗೊಂದು ಪುಸ್ತಕ ಓದಿ ಹೇಳುತ್ತಿದ್ದ. ಆ ಪುಸ್ತಕ ಕೈತಪ್ಪಿ ಹೋಯಿತು. ಹುಡುಕಿ ಹುಡುಕಿ ಕೊನೆಗೂ ಸಿಕ್ಕಾಗ ತೆರೆದು ನೋಡಿದರೆ, ಅವಳು ಕೇಳಿದ ಕಥೆಯೇ ಅದರಲ್ಲಿಲ್ಲ. ಜೇಗರ್ ಓದುತ್ತಲೇ ಇರಲಿಲ್ಲ. ತನ್ನದೇ ಕಥೆ ಹೆಣೆದು ಹೇಳುತ್ತಿದ್ದ. ಆ ಕಥೆ ಬೇಕೆಂದರೆ ಇನ್ನು ಮಾರ್ಸಿಯೇ ಬರೆಯಬೇಕು.

ಅಮೆರಿಕದ ಕಾರ್ಲಾ ಸ್ಪೀಡ್ ಮೆಕ್‌ನೀಲ್ ಅವರ ‘ಫೈಂಡರ್’ ಕಾಮಿಕ್ಸ್ ಸರಣಿಯಲ್ಲಿ ಬರುವ ‘ಟ್ಯಾಲಿಸ್ಮನ್’ ಕಥೆಯಿದು. ನಡೆಯುವುದು ದೂರದ ಭವಿಷ್ಯದಲ್ಲಿ, ಗುಮ್ಮಟ ಹೊದ್ದ ಕಿಕ್ಕಿರಿದ ನಗರದಲ್ಲಿ. ಅಂತರಿಕ್ಷ ಯುದ್ಧವಿಲ್ಲ, ಜಗತ್ತನ್ನು ಕಾಪಾಡುವ ವೀರನಿಲ್ಲ. ಒಂದು ಪುಸ್ತಕಕ್ಕಾಗಿ ಹಂಬಲಿಸುವ ಹುಡುಗಿಗೆ ವಿಜ್ಞಾನ ಕಥೆಯ ಕಾಮಿಕ್ಸಿನಲ್ಲಿ ಇಷ್ಟು ಜಾಗ ಸಿಕ್ಕಿದ್ದು, ಬೇಡವೆನ್ನುವವರು ಯಾರೂ ಮೇಲೆ ಇಲ್ಲದ್ದರಿಂದ. 1996ರಲ್ಲಿ ಶುರುವಾದ ಈ ಸರಣಿಯನ್ನು ಬರೆದವರು, ಚಿತ್ರಿಸಿದವರು, ಲೈಟ್‌ಸ್ಪೀಡ್ ಪ್ರೆಸ್ ಎಂಬ ಹೆಸರಿಟ್ಟುಕೊಂಡು ಪ್ರಕಟಿಸಿದವರು ಎಲ್ಲ ಮೆಕ್‌ನೀಲ್ ಅವರೇ.

ಮಾರ್ವೆಲ್, ಡಿಸಿಯಂಥ ದೊಡ್ಡ ಸಂಸ್ಥೆಗಳಲ್ಲಿ ಹೆಸರಾಂತ ಪಾತ್ರಗಳು ಕಂಪನಿಯ ಸ್ವತ್ತು. ಕಲಾವಿದರು ಬದಲಾದರೂ ಸ್ಪೈಡರ್‌ಮ್ಯಾನ್ ಹಾರುತ್ತಲೇ ಇರುತ್ತಾನೆ. ಸ್ವತಂತ್ರ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಹಕ್ಕು ಸೃಷ್ಟಿಸಿದವರದೇ. ಅಮೆರಿಕದಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟದ್ದು 1970ರ ದಶಕದಲ್ಲಿ ಬೆಳೆದ ಮಾರಾಟ ಪದ್ಧತಿ. ಕಾಮಿಕ್ಸ್ ಅಂಗಡಿಗಳು ಬೇಕಾದ ಪ್ರತಿಗಳಿಗೆ ಮೊದಲೇ ಆರ್ಡರ್ ಕೊಡುತ್ತಿದ್ದವು. ಉಳಿದದ್ದನ್ನು ವಾಪಸ್ ಮಾಡುವಂತಿರಲಿಲ್ಲ. ಎಷ್ಟು ಅಚ್ಚು ಹಾಕಿಸಬೇಕೆಂದು ಮುಂಚೆಯೇ ಗೊತ್ತಾದರೆ ಒಬ್ಬರೇ ನಿಂತು ಪ್ರಕಟಿಸುವುದಕ್ಕೂ ಧೈರ್ಯ ಬರುತ್ತದೆ.

‘ಫೈಂಡರ್’ ಓದುವವರು ಮೊದಮೊದಲು ತಡವರಿಸುವುದು ಸಹಜ. ಲಾವೆರಾಕ್ ಎಂಬ ಕುಲದಲ್ಲಿ ಗಂಡಸರೂ ನೋಡಲು ಹೆಂಗಸರಂತೆಯೇ ಇರುತ್ತಾರೆ. ಏಕೆ ಹೀಗೆ ಎಂದು ಯಾವ ಪಾತ್ರವೂ ನಿಂತು ವಿವರಿಸುವುದಿಲ್ಲ. ಅಪರಿಚಿತ ಊರಿನ ಬಸ್ ನಿಲ್ದಾಣದಲ್ಲಿ ಇಳಿದವರ ಹಾಗೆ ಸುತ್ತ ನೋಡಿ ತಿಳಿದುಕೊಳ್ಳಬೇಕು. ಸಂಕಲನಗಳ ಕೊನೆಯಲ್ಲಿ ಮೆಕ್‌ನೀಲ್ ಪುಟವಾರು ಟಿಪ್ಪಣಿ ಕೊಟ್ಟಿದ್ದಾರೆ, ನಿಜ. ಆದರೆ ಮೊದಲ ಓದಿನಲ್ಲಿ ಅತ್ತ ಹೋಗದಿರುವುದೇ ಒಳ್ಳೆಯದು. ಗೊತ್ತಾಗದೆ ಉಳಿದದ್ದನ್ನು ತಾವೇ ಊಹಿಸಿ ತುಂಬಿಕೊಂಡಾಗ ಆ ನಗರ ಓದಿದವರದೂ ಆಗುತ್ತದೆ. ಈ ಬಗೆಯ ಕಾಮಿಕ್ಸಿಗೆ ಮನಸೋತವರು ಮತ್ತೆ ಮತ್ತೆ ಅದಕ್ಕೇ ಮರಳಲು ಇದೇ ಕಾರಣವಿರಬೇಕು.

ಬಿಟ್ಟ ಜಾಗವನ್ನು ಓದುಗರೇ ತುಂಬಿಕೊಳ್ಳುತ್ತಾರೆ ಎಂಬ ನಂಬಿಕೆಯನ್ನು ತುತ್ತತುದಿಗೆ ಒಯ್ದವರು ಫ್ರಾನ್ಸಿನ ಮೋಬಿಯಸ್. ನಿಜನಾಮ ಜಾನ್ ಜಿರೋ. ‘ಬ್ಲೂಬೆರಿ’ ಎಂಬ ಕೌಬಾಯ್ ಸರಣಿಯಿಂದ ಅದಾಗಲೇ ಪ್ರಸಿದ್ಧರಾಗಿದ್ದ ಅವರು, 1974ರ ಕೊನೆಯಲ್ಲಿ ಮೂವರು ಗೆಳೆಯರೊಡನೆ ಸೇರಿ ಪ್ರಕಾಶನ ಸಂಸ್ಥೆ ಕಟ್ಟಿ ‘ಮೆಟಾಲ್ ಉರ್ಲಾ’ ಪತ್ರಿಕೆ ಶುರುಮಾಡಿದರು. ಅದರಲ್ಲಿ ಬಂದ ‘ಆರ್ಜಾಕ್’ನಲ್ಲಿ ಮಾತೇ ಇಲ್ಲ. ಎತ್ತರದ ಟೊಪ್ಪಿಯ ಸವಾರ, ಅವನ ಕೆಳಗೆ ಗರಿಯಿಲ್ಲದ ಬಿಳಿಯ ದೈತ್ಯಪಕ್ಷಿ, ಕೆಳಗೆಲ್ಲ ಬರಡು ನೆಲ. ಶೀರ್ಷಿಕೆಯ ಕಾಗುಣಿತವೂ ಕಂತಿನಿಂದ ಕಂತಿಗೆ ಬದಲಾಗುತ್ತಿತ್ತು. ಅದೇ ಪತ್ರಿಕೆಯಲ್ಲಿ ಪ್ರಕಟವಾದ, ಡ್ಯಾನ್ ಓಬ್ಯಾನನ್ ಬರೆದು ಮೋಬಿಯಸ್ ಚಿತ್ರಿಸಿದ ‘ದಿ ಲಾಂಗ್ ಟುಮಾರೊ’ದ ನಗರ, ಮುಂದೆ 1982ರ ‘ಬ್ಲೇಡ್ ರನ್ನರ್’ ಸಿನಿಮಾದ ನಗರಕ್ಕೆ ಸ್ಫೂರ್ತಿಯಾಯಿತು.

‘ಆರ್ಜಾಕ್’ನಂಥ ಮಾತಿಲ್ಲದ ಚಿತ್ರಕಥೆ ಬೆಂಗಳೂರಿನಲ್ಲೂ ಇದೆ. ಇಲ್ಲಿ ನೆಲೆಸಿರುವ ಅಪ್ಪುಪೆನ್, ‘ಹಾಲಾಹಲ’ ಎಂಬ ಲೋಕವನ್ನು 2009ರ ‘ಮೂನ್‌ವರ್ಡ್’ನಿಂದ ಕಟ್ಟುತ್ತ ಬಂದಿದ್ದಾರೆ. 2013ರ ‘ಲೆಜೆಂಡ್ಸ್ ಆಫ್ ಹಾಲಾಹಲ’ದ ಕಥೆಗಳು ಪೂರ್ತಿ ಮೌನದಲ್ಲೇ ನಡೆಯುತ್ತವೆ. ಹಾಗಾಗಿ ಇಂಗ್ಲಿಷ್ ಬಾರದ ಕನ್ನಡಿಗರೂ ಯಾರ ನೆರವೂ ಇಲ್ಲದೆ ನೇರವಾಗಿ ಪುಟ ತೆರೆಯಬಹುದು. ಅವರ ‘ಡ್ರೀಮ್ ಮಷೀನ್’ ಆದರೋ ಮಾತಿನ ಪುಸ್ತಕ. ಫ್ರಾನ್ಸಿನ ವಿಜ್ಞಾನಿ ಲೋರಾನ್ ದೊಡೆ ಅವರೊಡನೆ ರಚಿಸಿದ ಇದರಲ್ಲಿ, ಸಣ್ಣ ಎಐ ಕಂಪನಿ ಕಟ್ಟಿದವನೊಬ್ಬ ದೈತ್ಯ ಕಂಪನಿಯ ಆಮಿಷದ ಎದುರು ನಿಂತಿದ್ದಾನೆ. ಕೃತಕ ಬುದ್ಧಿಮತ್ತೆ ಹೇಗೆ ಕೆಲಸ ಮಾಡುತ್ತದೆ, ಅದು ಯಾರ ಕೈಸೇರುತ್ತಿದೆ ಎಂಬುದನ್ನು ಅವನ ಕಥೆಯ ಜೊತೆಜೊತೆಗೇ ಚೌಕದಿಂದ ಚೌಕಕ್ಕೆ ಬಿಡಿಸಿಟ್ಟಿದ್ದಾರೆ.