ನಿಪ್ಪಾಣಿಯ ತಲಾವ ಮತ್ತು ಅದರ ಕೋಡಿ

ಜವಾಹರ ತಲಾವ ನಿಪ್ಪಾಣಿಗೆ ಕುಡಿಯುವ ನೀರು ಕೊಡುವ ಕೆರೆ. ಸುತ್ತಲಿನ ಗುಡ್ಡಗಳ ಮಳೆನೀರು ಇದರಲ್ಲಿ ನಿಲ್ಲುತ್ತದೆ. ಯಮಗರ್ಣಿಯ ಬಳಿ ವೇದಗಂಗಾ ನದಿಯಿಂದ ಎತ್ತಿದ ನೀರೂ ಇಲ್ಲಿಗೆ ಬರುತ್ತದೆ. ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ಕೃಷ್ಣೆ ಹತ್ತಿರವಿದ್ದಾಳೆ. ನದಿಯಿಂದ ದೂರ ಬೆಳೆದ ನಿಪ್ಪಾಣಿ ಎಂಬ ತಂಬಾಕಿನ ಪೇಟೆಗೆ ಮಾತ್ರ ಕೆರೆಯೇ ಬೇಕಾಯಿತು. ಕೆರೆ ಎಂದರೆ ನೀರಷ್ಟೇ ಅಲ್ಲ, ಸಂಜೆಯ ತಂಗಾಳಿಯೂ ಹೌದು.

ಇಂಥ ಕೆರೆಗಳ ಬಲವೆಲ್ಲ ಮಣ್ಣಿನ ಒಡ್ಡಿನಲ್ಲಿದೆ. ನಡುವೆ ನೀರು ಬಿಡದ ಜಿಗುಟು ಮಣ್ಣು, ಎರಡೂ ಮಗ್ಗುಲಿಗೆ ಗರಸು. ಮಣ್ಣನ್ನು ತೆಳುವಾಗಿ ಹರವಿ, ನೀರು ಚಿಮುಕಿಸಿ, ಪದರ ಪದರವಾಗಿ ದಮ್ಮಸು ಮಾಡಬೇಕು. ಅಲೆ ಕೊರೆಯದಂತೆ ಒಳಮೈಗೆ ಕಲ್ಲು ಹಾಸಬೇಕು. ಹೊರಮೈಯಲ್ಲಿ ಹುಲ್ಲಿರಬಹುದು, ಮರ ಬೆಳೆಯಬಾರದು. ಬೇರು ಕೊಳೆತರೆ ಅದೇ ನೀರಿಗೆ ದಾರಿ.

ಒಡ್ಡಿನ ಆಯುಷ್ಯ ಕಾಯುವುದು ಕೋಡಿ. ಕೋಡಿಯ ಮಟ್ಟ ಒಡ್ಡಿನ ತಲೆಗಿಂತ ಕೆಳಗಿರುತ್ತದೆ, ಹೆಚ್ಚಾದ ನೀರು ಅಲ್ಲಿಂದಲೇ ಹೊರಬೀಳುತ್ತದೆ. ಕೋಡಿ ಕಟ್ಟಿಕೊಂಡರೆ ನೀರು ಒಡ್ಡಿನ ಮೇಲೆಯೇ ಹರಿಯುತ್ತದೆ, ಆಗ ಮಣ್ಣು ಕೆಲವೇ ತಾಸುಗಳಲ್ಲಿ ಕೊಚ್ಚಿಹೋಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಮಣ್ಣಿನ ಅಣೆಕಟ್ಟಿನಲ್ಲಿ ಆದದ್ದು ಇದೇ. ಸಿರಿವಂತರ ಕ್ಲಬ್ಬೊಂದು ಆ ಕೆರೆಯನ್ನು ವಿಹಾರಕ್ಕೆ ಕೊಂಡಿತ್ತು. ಬಂಡಿ ಓಡಾಡಲೆಂದು ಒಡ್ಡಿನ ತಲೆಯನ್ನು ತಗ್ಗಿಸಿ ಅಗಲ ಮಾಡಿದರು, ಮೀನು ಹೊರಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದರು. ತಳದಿಂದ ನೀರು ಬಿಡುವ ಕೊಳವೆಗಳನ್ನು ಹಿಂದಿನ ಮಾಲೀಕರೇ ಕಿತ್ತಿದ್ದರು. 1889ರ ಮೇ 31ರ ಭಾರಿ ಮಳೆಯಲ್ಲಿ ಕಸಕಡ್ಡಿ ಜಾಲರಿಗೆ ಸಿಕ್ಕಿತು, ನೀರು ಒಡ್ಡು ದಾಟಿತು. ಕೆಳಗಿದ್ದ ಜಾನ್‌ಸ್ಟೌನ್ ಪಟ್ಟಣ ಮತ್ತು ಕಣಿವೆಯ ಊರುಗಳಲ್ಲಿ 2200ಕ್ಕೂ ಹೆಚ್ಚು ಜನ ಸತ್ತರು.

ವಿಹಾರಕ್ಕೂ ಕೆರೆಗೂ ಹಗೆಯಿಲ್ಲ. ಒಡ್ಡು, ತೂಬು, ಕೋಡಿಗಳ ಕೆಲಸ ಮುಗಿದ ಮೇಲೆ ಉದ್ಯಾನ, ದೀಪ, ದೋಣಿಗಳು ಬರಬೇಕು, ಅಷ್ಟೇ. ಮಳೆಗಾಲಕ್ಕೆ ಮುಂಚೆ ಕೋಡಿಯ ಕಾಲುವೆಯ ಗಿಡಗಂಟಿ ತೆಗೆಯುವುದು, ಒಡ್ಡಿನಲ್ಲಿ ಹೆಗ್ಗಣದ ಬಿಲ ಹುಡುಕಿ ಮುಚ್ಚುವುದು, ಹೊರಮೈಯಲ್ಲಿ ಒಸರುವ ನೀರು ತಿಳಿಯೋ ಕದಡೋ ಎಂದು ನೋಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಕದಡಿದ್ದರೆ ಒಳಗಿನ ಮಣ್ಣು ಕರಗುತ್ತಿದೆ ಎಂದೇ ಅರ್ಥ. ಕೋಡಿ ಬಿದ್ದ ದಿನ ಕೆರೆ ನೋಡಲು ಸೇರುವ ಜನರ ಅಕ್ಕರೆ ಬೇಸಿಗೆಯ ಈ ಕೆಲಸಗಳಿಗೂ ಸಿಕ್ಕಿದ್ದರೆ ನಾಡಿನ ಎಷ್ಟೋ ಹಳೆಯ ಕೆರೆಗಳು ಇಂದಿಗೂ ಉಳಿದಿರುತ್ತಿದ್ದವು.